ಕನ್ನಡ ನೋಟ್ಸ್ ತೆರೆದರೆ ಎನ್‌ವಿಡಿಎ ‘ಪಿ, ಎ ಗ್ರೇವ್, ಪೌಂಡ್’ ಅಂತ ಓದುತ್ತದೆ. ಪರಿಹಾರ ಇದೆಯಾ?

ಹಂಪಿನಗರದ ಓದುಗ

ಎಲ್ಲರಿಗೂ ನಮಸ್ಕಾರ. ನನಗೆ ದೃಷ್ಟಿ ಇಲ್ಲ, ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಬಳಸುತ್ತೇನೆ. ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. ವಿಜಯನಗರದ ಒಂದು ಕೋಚಿಂಗ್ ಸೆಂಟರ್‌ಗೆ ಹೋಗುತ್ತೇನೆ. ಪಾಠ ಚೆನ್ನಾಗಿದೆ, ಮೇಷ್ಟ್ರುಗಳೂ ಒಳ್ಳೆಯವರು. ತೊಂದರೆ ಎಲ್ಲಾ ಅವರು ವಾಟ್ಸಾಪ್‌ನಲ್ಲಿ ಕಳಿಸುವ ನೋಟ್ಸ್‌ನದು.

ಇತಿಹಾಸದ ಪಿಡಿಎಫ್ ತೆರೆದರೆ ಎನ್‌ವಿಡಿಎ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಓದುತ್ತದೆ. ಬಾಣದ ಕೀ ಒತ್ತಿ ಒಂದೊಂದೇ ಅಕ್ಷರ ಕೇಳಿದರೆ ‘ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್’ ಹೀಗೇ ಸಾಗುತ್ತದೆ. ಸಂವಿಧಾನದ ಪಿಡಿಎಫ್‌ನಲ್ಲಿ ಏನೂ ಇಲ್ಲ, ಪುಟ ಖಾಲಿ ಅನ್ನುತ್ತದೆ. ಪ್ರಚಲಿತ ವಿದ್ಯಮಾನದ ಪಿಡಿಎಫ್ ಮಾತ್ರ ಕನ್ನಡದಲ್ಲೇ ಓದುತ್ತದೆ, ಆದರೆ ಒತ್ತಕ್ಷರ ಬಂದಲ್ಲೆಲ್ಲಾ ಪದ ಕೆಡುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11, ಧ್ವನಿ ಇಸ್ಪೀಕ್ ಕನ್ನಡ. ಫೋನ್‌ನಲ್ಲಿ ಟಾಕ್‌ಬ್ಯಾಕ್ ಅನ್ನುವ ಸ್ಕ್ರೀನ್ ರೀಡರ್, ಗೂಗಲ್‌ನ ಕನ್ನಡ ಧ್ವನಿ. ಎರಡರಲ್ಲೂ ಇದೇ ಕಥೆ. ಆದರೆ ಕನ್ನಡ ವಿಕಿಪೀಡಿಯ, ಸುದ್ದಿ ಪುಟಗಳು, ವಾಟ್ಸಾಪ್ ಮೆಸೇಜು ಎಲ್ಲಾ ಸರಿಯಾಗಿ ಓದುತ್ತವೆ. ಸೆಂಟರ್‌ನ ಆಫೀಸಿನಲ್ಲಿ ಕೇಳಿದರೆ, ‘ನಮ್ಮ ಸ್ಕ್ರೀನ್‌ನಲ್ಲಿ ಸರಿಯಾಗೇ ಕಾಣ್ತಿದೆ, ನಿಮ್ಮ ಸಾಫ್ಟ್‌ವೇರ್‌ದೇ ಪ್ರಾಬ್ಲಂ ಇರಬೇಕು’ ಅನ್ನುತ್ತಾರೆ. ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳಬೇಕಾ? ದಯವಿಟ್ಟು ತಿಳಿದವರು ಹೇಳಿ.

ಕಿವಿಯೋದು

ನಿಮ್ಮ ಸಾಫ್ಟ್‌ವೇರ್ ಚೆನ್ನಾಗಿದೆ, ಏನೂ ಬದಲಿಸಬೇಡಿ. ಮೂರು ಪಿಡಿಎಫ್‌ಗಳಿಗೆ ಮೂರು ಬೇರೆ ಬೇರೆ ಕಾಯಿಲೆ. ನಾನೂ ಸ್ಕ್ರೀನ್ ರೀಡರ್‌ನಲ್ಲೇ ಓದುವವನು. ಕನ್ನಡ ಕಡತಗಳ ಈ ಗೋಳು ನಮ್ಮಲ್ಲಿ ಎಲ್ಲರಿಗೂ ಗೊತ್ತು.

ಮೊದಲು ಇತಿಹಾಸದ್ದು. ‘ಎ ಗ್ರೇವ್’, ಅಂದರೆ ತಲೆಯ ಮೇಲೆ ಓರೆಗೆರೆ ಇರುವ ಎ (À), ಪದೇ ಪದೇ ಕೇಳಿಸಿತು ಅಂದಿರಲ್ಲ, ಅಲ್ಲೇ ಉತ್ತರ ಇದೆ. ಅದು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ. ಆ ಫಾಂಟ್‌ಗಳಲ್ಲಿ ಕಡತದ ಒಳಗೆ ಕನ್ನಡ ಅಕ್ಷರ ಇರುವುದೇ ಇಲ್ಲ. ಒಳಗಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುತ್ತದೆ. ಪಿ ಅಕ್ಷರದ ಜಾಗದಲ್ಲಿ ಕ-ಕಾರದ ಕೆಳಭಾಗ, ಪೌಂಡ್ ಗುರುತಿನ ಜಾಗದಲ್ಲಿ ನ-ಕಾರದ್ದು, ಎ ಗ್ರೇವ್ ಜಾಗದಲ್ಲಿ ತಲೆಕಟ್ಟು. ತಲೆಕಟ್ಟು ಹೆಚ್ಚಿನ ವ್ಯಂಜನಗಳಿಗೆ ಬೇಕಲ್ವಾ, ಅದಕ್ಕೇ ಅದು ಅಷ್ಟು ಸಲ ಕೇಳಿಸುತ್ತದೆ. ನೋಡುವವರ ಕಣ್ಣಿಗೆ ‘ಕನ್ನಡ’ ಅಂತಲೇ ಕಾಣುತ್ತದೆ. ಸ್ಕ್ರೀನ್ ರೀಡರ್ ಆಕಾರ ನೋಡುವುದಿಲ್ಲ, ಒಳಗೆ ಬರೆದಿರುವುದನ್ನು ಓದುತ್ತದೆ.

ಖಾತ್ರಿ ಮಾಡಿಕೊಳ್ಳಲು ಒಂದು ದಾರಿ. ಅಕ್ಷರದ ಮೇಲೆ ನಿಂತು ನಂಬರ್ ಪ್ಯಾಡ್‌ನ 2 ಅನ್ನು ಬೇಗ ಬೇಗ ಮೂರು ಸಲ ಒತ್ತಿ. ಲ್ಯಾಪ್‌ಟಾಪ್ ಕೀ ವಿನ್ಯಾಸ ಇಟ್ಟುಕೊಂಡಿದ್ದರೆ ಎನ್‌ವಿಡಿಎ ಕೀ ಹಿಡಿದು ಫುಲ್‌ಸ್ಟಾಪ್ ಮೂರು ಸಲ. ಆ ಅಕ್ಷರದ ಸಂಖ್ಯೆ ಹೇಳುತ್ತದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಇರುವ ಜಾಗ 3200ರಿಂದ 3327. ‘ಕ’ ಅಂದರೆ 3221. ಆ ವ್ಯಾಪ್ತಿಯ ಸಂಖ್ಯೆ ಬಂದರೆ ಅದು ನಿಜವಾದ ಕನ್ನಡ ಅಕ್ಷರ. 80, 192 ಅಂತ ಬಂದರೆ ಹಳೆಯ ನುಡಿ. ವರ್ಡ್ ಕಡತವಾದರೆ ಇನ್ನೂ ಸುಲಭ: ಎನ್‌ವಿಡಿಎ ಕೀ ಜೊತೆ ಎಫ್ ಒತ್ತಿದರೆ ಫಾಂಟ್ ಹೆಸರನ್ನೇ ಹೇಳುತ್ತದೆ.

ಪರಿಹಾರ: ಪಿಡಿಎಫ್‌ನಿಂದ ಪಠ್ಯ ಕಾಪಿ ಮಾಡಿ, ನುಡಿ ಆಸ್ಕಿಯಿಂದ (ಅಂದರೆ ಈ ಹಳೆಯ ಜೋಡಣೆಯಿಂದ) ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗೆ ಹಾಕಿ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಪರೀಕ್ಷೆ ಮಾತ್ರ ತಪ್ಪದೆ ಮಾಡಿ. ‘ಕರ್ನಾಟಕ’ ಅನ್ನುವ ಪದ ಹುಡುಕಿ, ಅಕ್ಷರ ಅಕ್ಷರವಾಗಿ ಕೇಳಿ. ಹಳೆಯ ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ. ಅದನ್ನು ಹಿಂದಕ್ಕೆ ತಂದು ಕೂಡಿಸುವ ಜಾಣತನ ಇಲ್ಲದ ಕನ್ವರ್ಟರ್ ‘ಕನಾರ್ಟಕ’ ಮಾಡಿಬಿಡುತ್ತದೆ, ‘ಧರ್ಮ’ವನ್ನು ‘ಧಮರ್’ ಮಾಡುತ್ತದೆ. ಅಂಥದ್ದನ್ನು ಬಿಟ್ಟು ಬೇರೆ ಹುಡುಕಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡಕ್ಕೆ ತಿರುಗಿ ಕೆಡುತ್ತವೆ. ಇದಕ್ಕೆ ಸುಲಭ ದಾರಿ ಇಲ್ಲ, ಸಂದೇಹ ಬಂದ ಪದವನ್ನು ಮೂಲದಲ್ಲಿ ನೋಡಿಕೊಳ್ಳಬೇಕು.

ಸಂವಿಧಾನದ ಪಿಡಿಎಫ್ ಸ್ಕ್ಯಾನ್ ಮಾಡಿದ್ದು, ಬರೀ ಫೋಟೋ. ಎನ್‌ವಿಡಿಎ ಕೀ ಜೊತೆ ಆರ್ ಒತ್ತಿದರೆ ವಿಂಡೋಸ್‌ನ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ವ್ಯವಸ್ಥೆ, ಓಡುತ್ತದೆ, ಆದರೆ ಅದಕ್ಕೆ ಕನ್ನಡ ಬರುವುದಿಲ್ಲ. ಗೂಗಲ್ ಡ್ರೈವ್‌ಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಡ್ರೈವ್‌ಗೆ ಏರಿಸಿ, ‘ಓಪನ್ ವಿತ್’ ಮೆನುವಿನಲ್ಲಿ ಗೂಗಲ್ ಡಾಕ್ಸ್ ಆರಿಸಿ. ಪುಟದ ಚಿತ್ರದ ಕೆಳಗೆ ಪಠ್ಯ ಬಂದಿರುತ್ತದೆ. ಕಡತ 2 ಎಂಬಿ ಒಳಗಿರಲಿ ಅಂತ ಗೂಗಲ್ ಹೇಳುತ್ತದೆ, ದೊಡ್ಡದಿದ್ದರೆ ತುಂಡು ಮಾಡಿ. ಟೆಸರಾಕ್ಟ್ ಅನ್ನುವ ಉಚಿತ ತಂತ್ರಾಂಶಕ್ಕೂ ಕನ್ನಡ ಬರುತ್ತದೆ, ಅದನ್ನು ಕೂರಿಸಿಕೊಳ್ಳುವ ಕೆಲಸ ಸ್ವಲ್ಪ ಜಾಸ್ತಿ. ಓಸಿಆರ್‌ನಲ್ಲಿ ಬಂದ ಇಸವಿ, ವಿಧಿ ಸಂಖ್ಯೆಗಳನ್ನು ಮಾತ್ರ ನಂಬಬೇಡಿ. ಒಂದು ಅಂಕಿ ತಪ್ಪಿದರೂ ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುತ್ತದೆ. ಯಾರಾದರೂ ಗೆಳೆಯರ ಹತ್ತಿರ ಓದಿಸಿ ತಾಳೆ ನೋಡಿ.

ಮೂರನೆಯದು ಯೂನಿಕೋಡ್ ಕಡತವೇ. ಪಿಡಿಎಫ್ ಮಾಡುವಾಗ ಒತ್ತಕ್ಷರಗಳ ಒಳಗಿನ ಮಾಹಿತಿ ಕಲಸಿಹೋಗಿದೆ. ಅದನ್ನು ನಿಮ್ಮ ಕಡೆಯಿಂದ ರಿಪೇರಿ ಮಾಡುವುದಕ್ಕಿಂತ ಅವರ ಹತ್ತಿರ ಮೂಲ ವರ್ಡ್ ಕಡತ ಕೇಳುವುದೇ ಒಳ್ಳೆಯದು.

ಡಿಟಿಪಿ ಅಂಗಡಿ

ನಮ್ಮದು ಅವೆನ್ಯೂ ರಸ್ತೆ ಹತ್ತಿರದ ಡಿಟಿಪಿ ಅಂಗಡಿ. ಈ ಕಡೆಯ ಮಾತೂ ಹೇಳುತ್ತೇನೆ, ಆಗ ಸೆಂಟರ್‌ನವರ ಜೊತೆ ಮಾತಾಡಲು ನಿಮಗೆ ಅನುಕೂಲ.

ಇವತ್ತಿಗೂ ಎಷ್ಟೋ ಅಂಗಡಿಗಳು ಪುಸ್ತಕ ಜೋಡಿಸುವುದು ಪೇಜ್‌ಮೇಕರ್‌ನಲ್ಲೇ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಆದ್ದರಿಂದ ಟೈಪಿಂಗ್ ಎಲ್ಲಾ ಹಳೆಯ ನುಡಿಯಲ್ಲೋ, ಅಂಥದೇ ಇನ್ನೊಂದು ಕನ್ನಡ ತಂತ್ರಾಂಶವಾದ ಶ್ರೀಲಿಪಿಯಲ್ಲೋ ನಡೆಯುತ್ತದೆ. ಶ್ರೀಲಿಪಿ ಆಗಿದ್ದರೆ ನುಡಿ ಕನ್ವರ್ಟರ್ ಕೆಲಸ ಮಾಡುವುದಿಲ್ಲ, ಅದರ ಜೋಡಣೆ ಬೇರೆ.

ನಮ್ಮಲ್ಲಿ ಇರುವ ದೊಡ್ಡ ಹೆದರಿಕೆ ಕೀಬೋರ್ಡ್ ಬದಲಾದೀತು ಅನ್ನುವುದು. ಬೆರಳಿಗೆ ಕೂತ ವಿನ್ಯಾಸ ಬಿಡುವುದು ಟೈಪಿಸ್ಟ್‌ಗಳಿಗೆ ಬಹಳ ಕಷ್ಟ. ಆದರೆ ಆ ಹೆದರಿಕೆಗೆ ಕಾರಣ ಇಲ್ಲ. ಈಗಿನ ನುಡಿ ತಂತ್ರಾಂಶದಲ್ಲಿ ಯೂನಿಕೋಡ್ ಆಯ್ಕೆ ಇದೆ, ಕೀಲಿಗಳು ಅವೇ, ಅದೇ ಕೆ.ಪಿ. ರಾವ್ ವಿನ್ಯಾಸ. ಆಯ್ಕೆ ಬದಲಿಸಿ ವರ್ಡ್‌ನಲ್ಲಿ ಟೈಪ್ ಮಾಡಿದರೆ ಸಾಕು. ಪುಸ್ತಕವೇ ಜೋಡಿಸಬೇಕಾದರೆ ಇನ್‌ಡಿಸೈನ್ ಯೂನಿಕೋಡ್ ಕನ್ನಡ ಹಿಡಿಯುತ್ತದೆ.

ಸೆಂಟರ್‌ನವರಿಗೆ ನಂಬಿಕೆ ಬರಬೇಕಾದರೆ ಹೀಗೆ ಮಾಡಿಸಿ. ಅವರ ಕಂಪ್ಯೂಟರಿನಲ್ಲೇ ಇತಿಹಾಸದ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಲು ಹೇಳಿ. ನೀವು ಕೇಳುತ್ತಿರುವುದು ಅವರ ಕಣ್ಣಿಗೇ ಕಾಣುತ್ತದೆ. ಆಮೇಲೆ ಅದೇ ಪಿಡಿಎಫ್‌ನಲ್ಲಿ ‘ಕದಂಬ’ ಅಂತ ಹುಡುಕಲು ಹೇಳಿ. ಸಿಗುವುದಿಲ್ಲ. ಇದು ದೃಷ್ಟಿ ಇರುವ ವಿದ್ಯಾರ್ಥಿಗಳಿಗೂ ನಷ್ಟ ಅಂತ ಆಗ ಅವರಿಗೆ ಹೊಳೆಯುತ್ತದೆ.

ದೊಡ್ಡಕ್ಷರ

ನನಗೆ ಸ್ವಲ್ಪ ದೃಷ್ಟಿ ಇದೆ, ನಡುವಿನ ಭಾಗ ಮಸುಕು. ನನ್ನಂಥವರಿಗೂ ಇದರಿಂದ ತೊಂದರೆಯೇ. ಪಿಡಿಎಫ್ ಹಿಗ್ಗಿಸಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ. ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಸರಿಸಿ ಸರಿಸಿ ಓದಿದ್ದು ತಲೆಗೆ ಹೋಗುವುದಿಲ್ಲ. ಅದೇ ಯೂನಿಕೋಡ್ ವರ್ಡ್ ಕಡತ ಕೊಟ್ಟರೆ ಅಕ್ಷರ ದೊಡ್ಡದು ಮಾಡಿ, ಕಪ್ಪು ಹಿನ್ನೆಲೆಗೆ ಹಳದಿ ಬಣ್ಣ ಕೊಟ್ಟು, ಸಾಲು ಪರದೆಯೊಳಗೇ ಮುರಿಯುವ ಹಾಗೆ ಇಟ್ಟುಕೊಳ್ಳಬಹುದು. ಕಣ್ಣು ದಣಿದಾಗ ಅದನ್ನೇ ಟಾಕ್‌ಬ್ಯಾಕ್‌ನಲ್ಲಿ ಕೇಳುತ್ತೇನೆ. ಆಫೀಸಿನಲ್ಲಿ ಮಾತಾಡುವಾಗ ನಮ್ಮನ್ನೂ ಸೇರಿಸಿ ಹೇಳಿ.

ಹಂಪಿನಗರದ ಓದುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಖ್ಯೆ ಕೇಳಿ ನೋಡಿದೆ, 80 ಮತ್ತು 192 ಅಂತಲೇ ಬಂತು. ಕನ್ವರ್ಟರ್‌ಗೆ ಹಾಕಿದ ಮೇಲೆ ‘1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಲಾಯಿತು’ ಅನ್ನುವ ಸಾಲು ಇಸ್ಪೀಕ್ ಸ್ಪಷ್ಟವಾಗಿ ಓದಿತು. ಆ ನೋಟ್ಸ್‌ನಲ್ಲಿ ನಾನು ಕೇಳಿದ ಮೊದಲ ಪೂರ್ತಿ ವಾಕ್ಯ ಅದು. ತುಂಬಾ ಖುಷಿಯಾಯಿತು.

ಆಫೀಸಿನಲ್ಲಿ ವಾಟ್ಸಾಪ್ ಪರೀಕ್ಷೆಯನ್ನೂ ಮಾಡಿಸಿದೆ. ಟೈಪಿಂಗ್ ಮಾಡುವ ಮೇಡಂ ನೋಡಿದ ತಕ್ಷಣ ಒಪ್ಪಿಕೊಂಡರು, ‘ಅಯ್ಯೋ, ಇದನ್ನಾ ನೀವು ಕೇಳಿಸಿಕೊಳ್ತಿದ್ದದ್ದು’ ಅಂದರು. ವರ್ಡ್ ಕಡತ ಕೊಡಲು ಅವರು ಸಿದ್ಧ. ಆದರೆ ಸೆಂಟರ್‌ನ ಮುಖ್ಯಸ್ಥರು ಹಿಂದೆ ಸರಿಯುತ್ತಿದ್ದಾರೆ. ನೋಟ್ಸ್ ಹೊರಗೆ ಹೋದೀತು, ಕಾಪಿರೈಟ್ ತೊಂದರೆ ಅನ್ನುತ್ತಾರೆ. ಇದಕ್ಕೆ ಏನು ಹೇಳಲಿ?

ಇನ್ನೊಂದು ವಿಷಯ. ಫೋನ್‌ನಲ್ಲಿ ಟಾಕ್‌ಬ್ಯಾಕ್ ಇಂಗ್ಲಿಷ್ ಧ್ವನಿಯಲ್ಲಿ ಇದ್ದಾಗ ಕನ್ನಡ ಸಾಲುಗಳನ್ನು ಹಾರಿಸಿಬಿಡುತ್ತದೆ. ಪ್ರತಿ ಸಲ ಸೆಟ್ಟಿಂಗ್ಸ್‌ಗೆ ಹೋಗಬೇಕಾ?

ಕಿವಿಯೋದು

ಫೋನ್‌ದು ಸುಲಭ. ಮೂರು ಬೆರಳಿನಿಂದ ಮೇಲೆ ಅಥವಾ ಕೆಳಗೆ ಸರಿಸುತ್ತಾ ಹೋಗಿ, ಓದುವ ನಿಯಂತ್ರಣಗಳಲ್ಲಿ ‘ಭಾಷೆ’ ಬರುತ್ತದೆ. ಬರದಿದ್ದರೆ ಟಾಕ್‌ಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಟಿಕ್ ಹಾಕಿ. ಆಮೇಲೆ ಒಂದು ಬೆರಳಿನಿಂದ ಮೇಲೆ ಕೆಳಗೆ ಸರಿಸಿದರೆ ಭಾಷೆ ಬದಲಾಗುತ್ತದೆ. ಗೂಗಲ್ ಧ್ವನಿಯಲ್ಲಿ ಕನ್ನಡದ ಡೇಟಾ ಡೌನ್‌ಲೋಡ್ ಆಗಿರಲಿ, ನೆಟ್‌ವರ್ಕ್ ಇಲ್ಲದಿದ್ದಾಗ ಬೇಕಾಗುತ್ತದೆ. ಕನ್ನಡ ಧ್ವನಿಯನ್ನೇ ಸದಾ ಇಟ್ಟುಕೊಂಡರೂ ಇಂಗ್ಲಿಷ್ ಪದ ಓದುತ್ತದೆ, ಉಚ್ಚಾರ ನಮ್ಮ ಕಡೆಯದ್ದು, ಅಷ್ಟೇ. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ, ಕಂಟ್ರೋಲ್, ಪಿ ಮೂರೂ ಒತ್ತಿ ವರ್ಡ್‌ಗೆ ಅಂತಲೇ ಒಂದು ಪ್ರೊಫೈಲ್ ಮಾಡಿ ಅದಕ್ಕೆ ಕನ್ನಡ ಧ್ವನಿ ಕೊಡಿ. ವರ್ಡ್‌ಗೆ ಹೋದಾಗ ತಾನೇ ಬದಲಾಗುತ್ತದೆ.

ಕಾಪಿರೈಟ್ ಮಾತಿಗೆ ನಿಮ್ಮ ಹತ್ತಿರ ಗಟ್ಟಿ ಉತ್ತರ ಇದೆ. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಯಿತು. ಅದರ 52ನೇ ಸೆಕ್ಷನ್‌ನಲ್ಲಿ, ಅಂಗವೈಕಲ್ಯ ಇರುವವರು ಓದಲು ಆಗುವ ರೂಪಕ್ಕೆ ಕೃತಿಯನ್ನು ಬದಲಿಸುವುದು, ಅವರ ಸ್ವಂತ ಬಳಕೆಗೆ ಮತ್ತು ಓದಿಗೆ ಕೊಡುವುದು ಉಲ್ಲಂಘನೆ ಆಗುವುದಿಲ್ಲ ಅಂತ ಸೇರಿಸಿದ್ದಾರೆ. ಲಾಭಕ್ಕೆ ಮಾರುವ ಹಾಗಿಲ್ಲ, ನೀವು ಮಾರುತ್ತಲೂ ಇಲ್ಲ. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊದಲು ಅನುಮೋದಿಸಿದ ದೇಶ ನಮ್ಮದು, 2014ರಲ್ಲಿ. ಇಲ್ಲಿ ಅವರದೇ ನೋಟ್ಸ್, ಅವರೇ ಕೊಡುವುದು, ನೀವು ಫೀಸ್ ಕಟ್ಟಿದ ವಿದ್ಯಾರ್ಥಿ. ಜಗಳದ ದನಿ ಬೇಡ. ಒಂದು ಪತ್ರ ಬರೆದು, ಕಡತ ನನ್ನ ಓದಿಗೆ ಮಾತ್ರ, ಬೇರೆಯವರಿಗೆ ಕಳಿಸುವುದಿಲ್ಲ ಅಂತ ಸಹಿ ಮಾಡಿ ಕೊಡಿ. ಮುಖ್ಯಸ್ಥರ ಹೆದರಿಕೆಯೂ ಸುಳ್ಳಲ್ಲ, ನೋಟ್ಸ್ ಅವರ ಜೀವನೋಪಾಯ.

ಜೊತೆಗೆ ಪುಸ್ತಕಗಳಿಗೆ ಸುಗಮ್ಯ ಪುಸ್ತಕಾಲಯದಲ್ಲಿ ಸದಸ್ಯರಾಗಿ. 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ, ಮುದ್ರಿತ ಪುಸ್ತಕ ಓದಲು ಆಗದವರಿಗೆ ಅಂತಲೇ ಇದೆ. ಎಚ್‌ಎಸ್‌ಆರ್ ಲೇಔಟ್‌ನ ಮಿತ್ರಜ್ಯೋತಿಯವರು ಧ್ವನಿ ಪುಸ್ತಕಗಳನ್ನು ಮಾಡುತ್ತಾರೆ, ಅಲ್ಲೂ ಕೇಳಿ.

ಹಂಪಿನಗರದ ಓದುಗ

ಪತ್ರ ಕೊಟ್ಟೆ. ಮುಖ್ಯಸ್ಥರು ಒಪ್ಪಿದ್ದಾರೆ. ಮುಂದಿನ ನೋಟ್ಸ್ ಎಲ್ಲಾ ಯೂನಿಕೋಡ್‌ನಲ್ಲಿ ಟೈಪ್ ಮಾಡುವುದಾಗಿ ಮೇಡಂ ಹೇಳಿದ್ದಾರೆ. ಡಿಟಿಪಿ ಅಂಗಡಿಯವರೇ, ಕೀಬೋರ್ಡ್ ಬದಲಾಗುವುದಿಲ್ಲ ಅಂದ ನಿಮ್ಮ ಮಾತೇ ಅವರಿಗೆ ಧೈರ್ಯ ಕೊಟ್ಟಿತು.

ಒಂದೇ ಉಳಿದಿದೆ. ರಾಜವಂಶ, ಸ್ಥಾಪಕ, ರಾಜಧಾನಿ ಅಂತ ಇರುವ ಪಟ್ಟಿಗಳು ಒಂದರ ಹಿಂದೆ ಒಂದು ಬರೀ ಪದಗಳಾಗಿ ಬರುತ್ತವೆ. ಯಾವ ರಾಜಧಾನಿ ಯಾರದು ಅಂತ ಗೊತ್ತಾಗುವುದಿಲ್ಲ.

ಡಿಟಿಪಿ ಅಂಗಡಿ

ಅವರು ಟ್ಯಾಬ್ ಒತ್ತಿ ಜಾಗ ಬಿಟ್ಟು ಪಟ್ಟಿ ಮಾಡಿರುತ್ತಾರೆ. ನಾವೂ ಹಾಗೇ ಮಾಡುವುದು, ನೋಡಲು ಸಾಲಾಗಿ ಕಾಣುತ್ತದಲ್ಲ. ವರ್ಡ್‌ನ ಇನ್ಸರ್ಟ್ ಮೆನುವಿನಿಂದ ಟೇಬಲ್ ಹಾಕಲು ಹೇಳಿ. ಮೊದಲ ಸಾಲನ್ನು ಆರಿಸಿ ‘ರಿಪೀಟ್ ಹೆಡರ್ ರೋಸ್’ ಕೊಡಲಿ. ಎರಡು ಮನೆಗಳನ್ನು ಸೇರಿಸಿ ಒಂದು ಮಾಡುವುದು ಬೇಡ.

ಕಿವಿಯೋದು

ಹಾಗೆ ಮಾಡಿ ಕೊಟ್ಟ ಮೇಲೆ ಕಂಟ್ರೋಲ್ ಮತ್ತು ಆಲ್ಟ್ ಹಿಡಿದು ಬಾಣದ ಕೀಗಳಿಂದ ಮನೆಯಿಂದ ಮನೆಗೆ ಹೋಗಿ. ಕೆಳಗಿನ ಬಾಣ ಒತ್ತಿದರೆ ಬನವಾಸಿ, ಬಾದಾಮಿ, ಮಾನ್ಯಖೇಟ ಅಂತ ರಾಜಧಾನಿಗಳು ಮಾತ್ರ. ಎಡ ಬಲ ಹೋದರೆ ಒಂದೇ ವಂಶದ ಸಾಲು. ಪಟ್ಟಿಯನ್ನು ಚಿತ್ರ ಮಾಡಿ ಅಂಟಿಸಬೇಡಿ ಅಂತ ಮೇಡಂಗೆ ಈಗಲೇ ಒಂದು ಮಾತು ಹೇಳಿಡಿ.