ಕೊಡಗಿನ ಹಳೇ ವೆಬ್‌ಸೈಟುಗಳು ಯಾರ ಹತ್ರ ಇವೆ?

ಕಾಫಿಬೀಜ: ನಮ್ಮ ಚಿಕ್ಕಪ್ಪ 2000ದ ಸುಮಾರಿಗೆ ಫ್ರೀ ಹೋಸ್ಟಿಂಗಲ್ಲಿ ಒಕ್ಕದ (ಮನೆತನದ) ಪುಟ ಮಾಡಿದ್ರು. ವಂಶಾವಳಿ, ಪುತ್ತರಿ ಹಬ್ಬದ ಫೋಟೋ, ಕರಡದಲ್ಲಿ 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯ ಸುದ್ದಿ. ಕಂಪನಿ ಮುಚ್ಚಿತು, ಎಲ್ಲಾ ಹೋಯ್ತು. ಇಂಥವು ಯಾರ ಹಳೇ ಸಿಡಿಯಲ್ಲಾದ್ರೂ ಇದ್ರೆ ಕೊಡಿ, ಒಂದ್ಕಡೆ ಸೇರಿಸೋಣ.

ಕುಶಾಲನಗರದವ: "ಎಲ್ಲಾ ಹೋಯ್ತು" ಅಂತ ಅಳೋದು ಬಿಡಿ. 2009ರ ಅಕ್ಟೋಬರಲ್ಲಿ ಯಾಹೂನ ಫ್ರೀ ಹೋಸ್ಟಿಂಗ್ ಜಿಯೋಸಿಟೀಸ್ ಮುಚ್ಚಿದಾಗ, ಹಳೇ ವೆಬ್‌ಸೈಟು ಉಳಿಸೋ ಆರ್ಕೈವ್ ಟೀಮಿನವರು ಕೈಗೆ ಸಿಕ್ಕಿದ್ದೆಲ್ಲ ಬಾಚ್ಕೊಂಡು, ಮರುವರ್ಷ 600 ಜಿಬಿ ಮೀರಿದ ಟೊರೆಂಟ್ ಬಿಟ್ರು. ಹಳೇ ಪುಟಗಳ ಪ್ರತಿ ತೋರ್ಸೋ ವೇಬ್ಯಾಕ್ ಮಷೀನೂ ಇದೆ. ಹುಡುಕಿ ಸ್ವಾಮಿ.

ಹಾಕಿಹುಚ್ಚ: ಹುಡುಕಿದ್ದಾಯ್ತು. ಫೋಟೋ ಜಾಗದಲ್ಲಿ ಖಾಲಿ ಚೌಕ. ಕನ್ನಡ ಇದ್ದ ಕಡೆ ತಲೆ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರ. ಇದಕ್ಕೆ ಉಳಿಸೋದು ಅಂತಾರಾ?

ಕುಶಾಲನಗರದವ: 'ಬರಹ' ಅನ್ನೋ ಕನ್ನಡ ತಂತ್ರಾಂಶದ ಹಳೇ ಫಾಂಟ್ ಹಾಕ್ಕೊಂಡ್ರೆ ಕಾಣುತ್ತೆ. ಸೋಮಾರಿತನಕ್ಕೆ ಮದ್ದಿಲ್ಲ.

ಹಾಕಿಹುಚ್ಚ: ಸೋಮಾರಿ ಯಾರು? ಎಲ್ಲಾ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ ಅಂತ ಮಾಡಿದ ಯೂನಿಕೋಡಲ್ಲಿ ಕನ್ನಡ 1991ರಿಂದ ಇದೆ. ಪುಟ ಮಾಡಿದೋರು ಅದ್ರಲ್ಲೇ ಬರೀಬೇಕಿತ್ತು.

ಭಾಗಮಂಡಲ ಮಳೆ: 1991 ಅಂತೆ! ವಿಂಡೋಸ್ 98ರಲ್ಲಿ ಕನ್ನಡ ಯೂನಿಕೋಡ್ ಮೂಡಿಸಿ ತೋರ್ಸಿ ನೋಡೋಣ. ಯೂನಿಕೋಡಿನ ತುಂಗಾ ಫಾಂಟ್ ಬಂದಿದ್ದೇ ವಿಂಡೋಸ್ ಎಕ್ಸ್‌ಪಿ ಜೊತೆ. ಡಯಲಪ್ಪಲ್ಲಿ, ಜೋರು ಮಳೆಗೆ ಫೋನ್ ಸತ್ತು ಬಿದ್ದಿರೋವಾಗ, ಅವ್ರು ಇಷ್ಟು ಮಾಡಿದ್ದೇ ದೊಡ್ಡದು.

ಕುಶಾಲನಗರದವ: ಮಳೆ ಕಥೆ ಯಾಕೆ? ಕನ್ವರ್ಟರಿಗೆ ಹಾಕಿ, ಯೂನಿಕೋಡ್ ಆಗುತ್ತೆ. ಮುಗೀತು.

ಭಾಗಮಂಡಲ ಮಳೆ: ಏನು ಮುಗೀತು? ಬರಹ, ನುಡಿಗೆ ನಡೆಯೋ ಕನ್ವರ್ಟರಿಗೆ ಶ್ರೀಲಿಪಿ ಅನ್ನೋ ಬೇರೆ ತಂತ್ರಾಂಶದ ಪುಟ ಹಾಕಿದ್ರೆ ಕಸವೇ ಬರೋದು. ನಡೆಯೋ ಕಡೆಯೂ ಅರ್ಕಾವತ್ತು ಒಂದಕ್ಷರ ಆಚೀಚೆ ಆಗುತ್ತೆ. ವಂಶಾವಳಿಯಲ್ಲಿ ಅಜ್ಜನ ಹೆಸರು ಕೆಟ್ರೆ ನೀವು ಬಂದು ತಿದ್ತೀರಾ?

ಪೊನ್ನಂಪೇಟೆ ಅಕ್ಕ: ಫಾಂಟ್ ಹಾಗಿರ್ಲಿ. ಆ ಪುಟಗಳಲ್ಲಿ ಮನೆ ವಿಳಾಸ, ಹೆಣ್ಮಕ್ಕಳ ಹುಟ್ಟಿದ ತಾರೀಕು ಎಲ್ಲಾ ಇರ್ತಿತ್ತು. ಈಗ ಮತ್ತೆ ಹಾಕೋಕೆ ಯಾರನ್ನ ಕೇಳಿದ್ರಿ?

ಹಾಕಿಹುಚ್ಚ: ಅಕ್ಕ, ತಾರೀಕು ಓದೋಕಾದ್ರೂ ಅಕ್ಷರ ಕಾಣ್ಬೇಕಲ್ಲ!

ಕಾಫಿಬೀಜ: ನಾನು ಸಿಡಿ ಕೇಳಿದ್ದು ಮಾರಾಯ್ರೇ.

ಕುಶಾಲನಗರದವ: ಮಳೆಯಣ್ಣ, ಕೆಟ್ಟ ಅರ್ಕಾವತ್ತಿನ ಫೈಲ್ ಒಂದು ಕಳ್ಸಿ, ಆಮೇಲೆ ಮಾತು.

ಭಾಗಮಂಡಲ ಮಳೆ: ಕಳ್ಸಿದ್ದೀನಿ. ಫಾಂಟ್ ನೀವೇ ಹುಡುಕ್ಕೊಳ್ಳಿ, ನೀವು ಸೋಮಾರಿ ಅಲ್ವಲ್ಲ.