ಪ್ರಿಂಟರ್‌ಗೆ ವೈಫೈ ಇಲ್ಲ, ಗೋಡೆಗೆ ತೂತು ಹಾಕುವ ಹಾಗಿಲ್ಲ. ನೀವೇನು ಮಾಡಿದಿರಿ?

ನಿಟ್ಟುವಳ್ಳಿ, ದಾವಣಗೆರೆ:
ಬಾಡಿಗೆ ಮನೆ. ಫೈಬರ್ ರೂಟರ್ ಕೆಳಗೆ ಹಾಲ್‌ನಲ್ಲಿದೆ. ಮಹಡಿ ರೂಮಿನಲ್ಲಿ ಟ್ಯೂಷನ್ ಮಾಡುತ್ತೇನೆ, ಅಲ್ಲಿಗೆ ಅಂತ ಒಂದು ಹಳೇ ಲೇಸರ್ ಪ್ರಿಂಟರ್ ಸೆಕೆಂಡ್ ಹ್ಯಾಂಡ್ ತಂದೆ. ಕಲ್ಲಿನ ಹಾಗೆ ಗಟ್ಟಿ ಇದೆ, ಅಕ್ಷರ ಮುತ್ತಿನ ಹಾಗೆ ಬರುತ್ತದೆ. ಆದರೆ ವೈಫೈ ಇಲ್ಲ. ಹಿಂದೆ ಒಂದು ಯುಎಸ್‌ಬಿ, ಒಂದು ಲ್ಯಾನ್ ಪೋರ್ಟ್ (ನೆಟ್‌ವರ್ಕ್ ತಂತಿ ಹಾಕುವ ಕಿಂಡಿ), ಅಷ್ಟೇ. ಮನೆಯಲ್ಲಿರುವ ಎರಡು ಲ್ಯಾಪ್‌ಟಾಪ್‌ನಿಂದಲೂ ಪ್ರಿಂಟ್ ಕೊಡುವ ಹಾಗಾಗಬೇಕು. ಓನರ್ ಈಗಷ್ಟೇ ಪೇಂಟ್ ಮಾಡಿಸಿದ್ದಾರೆ, ಒಂದು ಮೊಳೆ ಹೊಡೆದರೂ ಮಾತು ಬರುತ್ತದೆ. ಕೇಬಲ್ ಎಳೆಯದೆ ಇದನ್ನು ಮನೆ ವೈಫೈಗೆ ಸೇರಿಸಿದವರು ಇದ್ದರೆ ಹೇಳಿ. ಖರ್ಚು ಎರಡು ಸಾವಿರ ದಾಟಬಾರದು.

ಪಿ.ಜೆ. ಬಡಾವಣೆ:
ಯುಎಸ್‌ಬಿ ವೈಫೈ ಡಾಂಗಲ್ ಮಾತ್ರ ತರಬೇಡಿ. ನಾನು ನಮ್ಮ ಹಳೇ ಟಿವಿಗೆ ಅಂತ ತಂದು ಕೈ ಸುಟ್ಟುಕೊಂಡೆ. ಡಾಂಗಲ್‌ಗೆ ಡ್ರೈವರ್ ಬೇಕು, ಅದನ್ನು ಹಾಕಿಕೊಳ್ಳೋಕೆ ಕಂಪ್ಯೂಟರ್ ಬೇಕು. ಟಿವಿ ಅದನ್ನು ನೋಡಿ ಸುಮ್ನೆ ಕೂತಿತು. ನಿಮ್ಮ ಪ್ರಿಂಟರ್‌ನ ಚೌಕ ಯುಎಸ್‌ಬಿ ಕಿಂಡಿಗೆ ಅದು ಹೋಗುವುದೂ ಇಲ್ಲ.

ವಿದ್ಯಾನಗರ:
ಅಟ್ಟದ ಮೇಲೆ ಹಳೇ ರೂಟರ್ ಇದೆಯಾ ನೋಡಿ ಮೊದಲು. ಕನೆಕ್ಷನ್ ಬದಲಾಯಿಸಿದ ಪ್ರತಿ ಮನೆಯಲ್ಲೂ ಒಂದು ಧೂಳು ತಿನ್ನುತ್ತಾ ಬಿದ್ದಿರುತ್ತದೆ.

ಲ್ಯಾನ್ ಪೋರ್ಟ್ ಇರುವ ಸಾಮಾನಿಗೆ ವೈಫೈ ಗೊತ್ತಿರಬೇಕಾಗಿಲ್ಲ. ಅದರ ಹಿಂದೆ ಒಂದು ತಂತಿ ಇದ್ದರೆ ಸಾಕು. ತಂತಿಯ ಆ ಕಡೆ ತುದಿಯಲ್ಲಿ ಒಂದು ಡಬ್ಬಿ ಕೂತು, ಫೋನ್ ಹಿಡಿಯುವ ಹಾಗೆ ವೈಫೈ ಹಿಡಿದು, ತಂತಿಗೆ ದಾಟಿಸಬೇಕು. ಹಳೇ ರೂಟರ್ ಆ ಡಬ್ಬಿಯಾಗಬಲ್ಲದು. ಎಲ್ಲ ರೂಟರ್‌ಗಳೂ ಅಲ್ಲ. ಸೆಟ್ಟಿಂಗ್‌ನಲ್ಲಿ ಕ್ಲೈಂಟ್, ಬ್ರಿಡ್ಜ್, ಡಬ್ಲ್ಯೂಡಿಎಸ್, ರೇಂಜ್ ಎಕ್ಸ್‌ಟೆಂಡರ್ ಅಂತ ಏನಾದರೂ ಒಂದು ಇರಬೇಕು.

ನಾನು ಎಡವಿದ್ದನ್ನು ಹೇಳುತ್ತೇನೆ. ನನ್ನ ರೂಟರ್‌ನಲ್ಲಿ ಡಬ್ಲ್ಯೂಐಎಸ್‌ಪಿ ಅಂತಲೂ ಒಂದು ಮೋಡ್ ಇತ್ತು. ಅದನ್ನು ಒತ್ತಿದೆ. ಡೆಸ್ಕ್‌ಟಾಪ್‌ಗೆ ಇಂಟರ್ನೆಟ್ ಬಂತು. ಗೆದ್ದೆ ಅಂದುಕೊಂಡೆ. ಮರುದಿನ ಅದೇ ಡಬ್ಬಿಗೆ ಕ್ಯಾಮೆರಾದ ರೆಕಾರ್ಡರ್ (ಡಿವಿಆರ್) ಸಿಕ್ಕಿಸಿದರೆ, ಮನೆಯೊಳಗಿನ ಲ್ಯಾಪ್‌ಟಾಪ್‌ನಲ್ಲಿ ಕಾಣಿಸಲೇ ಇಲ್ಲ. ಒಂದು ಭಾನುವಾರ ಪೂರ್ತಿ ಹೋಯಿತು. ಆಮೇಲೆ ಗೊತ್ತಾಗಿದ್ದು, ಆ ಮೋಡ್‌ನಲ್ಲಿ ಹಳೇ ರೂಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಂಡು ಕೂರುತ್ತದೆ. ಒಳಗಿದ್ದವರು ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಟಿವಿಗೆ, ಡೆಸ್ಕ್‌ಟಾಪ್‌ಗೆ ಇದು ನಡೆಯುತ್ತದೆ, ಅವು ಹೊರಗೆ ಹೋಗುವಂಥವು. ಪ್ರಿಂಟರ್‌ಗೆ ನಡೆಯಲ್ಲ. ಅದರ ಹತ್ತಿರ ಬೇರೆಯವರು ಬರಬೇಕು ಅಲ್ವಾ?

ಹಾಗಾಗಿ ಕ್ಲೈಂಟ್ ಅಥವಾ ಬ್ರಿಡ್ಜ್ ಮೋಡ್ ಹಾಕಿ. ಜೊತೆಗೆ ಹಳೇ ರೂಟರ್‌ನ ಡಿಎಚ್‌ಸಿಪಿ, ಅಂದರೆ ಪ್ರತಿ ಸಾಮಾನಿಗೂ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ, ಆಫ್ ಮಾಡಿ, ಇಲ್ಲದಿದ್ದರೆ ಹಳೇದು ಹೊಸದು ಎರಡೂ ರೂಟರ್ ವಿಳಾಸ ಹಂಚೋಕೆ ಶುರು ಮಾಡುತ್ತವೆ. ಹೊಸ ರೂಟರ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ನಂಬರ್) 192.168.1.1 ಆಗಿದ್ದರೆ ಹಳೆಯದಕ್ಕೆ 192.168.1.250 ಥರ ಬೇರೆ ಕೊಡಿ. ನನ್ನವೆರಡೂ ಒಂದೇ ನಂಬರ್ ಇಟ್ಟುಕೊಂಡಿದ್ದವು. ಒಂದೇ ಓಣಿಯಲ್ಲಿ ಮೂವರು ಬಸವರಾಜ ಇದ್ದು ಲಗ್ನಪತ್ರಿಕೆ ಯಾರ ಮನೆಗೆ ಅಂತ ತಿಳಿಯದ ಹಾಗಾಯಿತು. ಇನ್ನೊಂದು, ಪ್ರಿಂಟರ್ ತಂತಿಯನ್ನು ಲ್ಯಾನ್ ಕಿಂಡಿಗೆ ಹಾಕಿ. ಹೊರಗಿನ ಇಂಟರ್ನೆಟ್ ತಂತಿ ಹಾಕುವ ಬೇರೆ ಬಣ್ಣದ ವ್ಯಾನ್ ಕಿಂಡಿಗಲ್ಲ.

ಚಿತ್ರದುರ್ಗ, ಕೋಟೆ ರಸ್ತೆ ಕಡೆಯಿಂದ:
ನಮ್ಮದು ಹಳೇ ಕಲ್ಲುಗೋಡೆ ಮನೆ. ಗೋಡೆ ದಪ್ಪ ಎರಡು ಅಡಿ. ವೈಫೈಗೆ ಎರಡು ಬ್ಯಾಂಡ್ ಇರುತ್ತದಲ್ಲ, 5 ಗಿಗಾಹರ್ಟ್ಸ್ ಪಕ್ಕದ ರೂಮಿಗೂ ದಾಟುವುದಿಲ್ಲ, 2.4 ಹೇಗೋ ತೆವಳಿಕೊಂಡು ಬರುತ್ತದೆ. ಪ್ರಿಂಟರ್‌ಗೆ 2.4 ಧಾರಾಳ ಸಾಕು, ಸ್ಪೀಡ್ ನೋಡಲು ಹೋಗಬೇಡಿ.

ನಾನು ಲ್ಯಾನ್ ಪೋರ್ಟ್ ಇರುವ ರೇಂಜ್ ಎಕ್ಸ್‌ಟೆಂಡರ್ ತಂದೆ, ವೈಫೈ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ. ಮೊದಲು ಪ್ರಿಂಟರ್ ಪಕ್ಕದಲ್ಲೇ ಸಿಕ್ಕಿಸಿದೆ. ಕೆಂಪು ಲೈಟ್. ಸಿಗ್ನಲ್ ಇಲ್ಲದ ಜಾಗದಲ್ಲಿ ಕೂತು ಅದಾದರೂ ಏನು ಹಿಡಿದೀತು? ಮೆಟ್ಟಿಲು ತಿರುಗುವ ಕಡೆಯ ಪ್ಲಗ್‌ಗೆ ಹಾಕಿದೆ, ಅಲ್ಲಿಂದ ಪ್ರಿಂಟರ್‌ವರೆಗೆ 10 ಮೀಟರ್ ಕ್ಯಾಟ್ 5ಇ ಕೇಬಲ್ ಸ್ಕರ್ಟಿಂಗ್ ಪಕ್ಕ ಬಿಟ್ಟೆ. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ, 10 ಮೀಟರ್ ಲೆಕ್ಕವೇ ಅಲ್ಲ. ಆದ್ದರಿಂದ ಡಬ್ಬಿ ಸಿಗ್ನಲ್ ಇರುವ ಕಡೆ ಇರಲಿ, ಉಳಿದ ದಾರಿ ತಂತಿ ನಡೆಯಲಿ. ಮೊಳೆ ಬೇಡ, ಟೇಪ್ ಸಾಕು.

ಹಳೇ ಡಬ್ಬಿ ಪಾಸ್‌ವರ್ಡ್ ಸರಿಯಿದ್ದರೂ ಸೇರದಿದ್ದರೆ, ಹೊಸ ರೂಟರ್‌ನಲ್ಲಿ ಡಬ್ಲ್ಯೂಪಿಎ3 ಅನ್ನುವ ಹೊಸ ಥರದ ವೈಫೈ ಭದ್ರತೆ ಮಾತ್ರ ಇಟ್ಟಿರಬಹುದು. ಡಬ್ಲ್ಯೂಪಿಎ2 ಕೂಡ ಸೇರಿಸಿ.

ಎಂ.ಸಿ.ಸಿ. ಬಿ ಬ್ಲಾಕ್:
ಹಳೇ ರೂಟರ್ ಸಿಗದಿದ್ದರೆ ಟಿಪಿ-ಲಿಂಕ್ ಟಿಎಲ್-ಡಬ್ಲ್ಯೂಆರ್802ಎನ್ ಅಂತ ಒಂದು ಪುಟ್ಟ ರೂಟರ್ ಇದೆ, ಅಂಗೈಗಿಂತ ಚಿಕ್ಕದು. ಒಂದೇ ಲ್ಯಾನ್ ಕಿಂಡಿ, ಮೈಕ್ರೋ ಯುಎಸ್‌ಬಿಯಿಂದ ಕರೆಂಟ್, ಕ್ಲೈಂಟ್ ಮೋಡ್ ಇದೆ. 2.4 ಮಾತ್ರ. ಪ್ರಿಂಟರ್ ಹಿಂದೆ ಅಡಗಿಸಿಟ್ಟರೆ ಓನರ್‌ಗೂ ಕಾಣಲ್ಲ.

ಹರಿಹರ:
ಕರೆಂಟ್ ತಂತಿಯಲ್ಲೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಯಾರೂ ಹೇಳಿಲ್ಲ. ನಾನು ತಂದಿದ್ದೆ. ಕೆಳಗಿನ ಎರಡು ರೂಮಿನ ನಡುವೆ ಚೆನ್ನಾಗಿತ್ತು. ಮಹಡಿಗೆ ಒಯ್ದರೆ ಬಿಟ್ಟು ಬಿಟ್ಟು ಹೋಗುತ್ತದೆ, ಕೆಲವು ಸಲ ಪೂರ್ತಿ ಸತ್ತೇ ಹೋಗುತ್ತದೆ. ನಮ್ಮದು ತ್ರೀ ಫೇಸ್, ಮಹಡಿ ಬೇರೆ ಫೇಸ್‌ನಲ್ಲಿದೆ. ಎರಡೂ ಒಂದೇ ಫೇಸ್‌ನಲ್ಲಿದ್ದರೆ ಮಾತ್ರ ನಂಬಬಹುದು. ಸ್ಪೈಕ್ ಬಸ್ಟರ್‌ಗೆ ಸಿಕ್ಕಿಸಿದರೂ ಹಾಳು, ನೇರ ಗೋಡೆ ಸಾಕೆಟ್‌ಗೇ ಹಾಕಬೇಕು. ಜೋಡಿ ಬೆಲೆ ನೋಡಿದರೆ ನಿಮ್ಮ ಪ್ರಿಂಟರ್‌ಗೆ ಮೂಗಿಗಿಂತ ಮೂಗುತಿ ಭಾರ.

ಶಾಮನೂರು ರಸ್ತೆ:
ನನ್ನ ತಕರಾರು ಬೇರೆ. ಕೇಬಲ್ ಬೇಡ ಅನ್ನುವ ಮೊದಲು ಮನೆಯ ಗೋಡೆಯೊಳಗೆ ಏನಿದೆ ನೋಡಿದಿರಾ? ಎಷ್ಟೋ ಮನೆಗಳಲ್ಲಿ ಟಿವಿ ಕೇಬಲ್‌ಗೆ ಅಂತ ಮಹಡಿಯಿಂದ ಹಾಲ್‌ಗೆ ಒಂದು ಪೈಪ್ ಇಟ್ಟಿರುತ್ತಾರೆ. ಹಳೇ ಕೇಬಲ್ ತುದಿಗೆ ಹೊಸ ಲ್ಯಾನ್ ಕೇಬಲ್ ಟೇಪ್ ಸುತ್ತಿ ಎಳೆದರೆ ಆಯಿತು. ಒಬ್ಬರು ಮೇಲೆ, ಒಬ್ಬರು ಕೆಳಗೆ. ನಮಗೆ ಹತ್ತು ನಿಮಿಷ ಹಿಡಿಯಿತು, ಅದರಲ್ಲಿ ಐದು ನಿಮಿಷ ‘ಎಳಿ, ಎಳಿ, ತಡಿ’ ಅಂತ ಕೂಗಾಡಿದ್ದು. ತುದಿಗೆ ಪಿನ್ (ಪ್ಲಾಸ್ಟಿಕ್ ಕನೆಕ್ಟರ್) ನೀವೇ ಒತ್ತುವುದಾದರೆ ಬಣ್ಣದ ಸಾಲು ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಒಂದೇ ಥರ. ನಾಲ್ಕನೆಯದು ಹಸಿರು ಅಂದುಕೊಂಡು ನಾನು ಎರಡು ಪಿನ್ ಹಾಳು ಮಾಡಿದೆ.

ಕರೆಂಟ್ ವೈರ್ ಇರುವ ಪೈಪ್‌ನಲ್ಲಿ ಮಾತ್ರ ಲ್ಯಾನ್ ತೂರಿಸಬೇಡಿ. ಟೆರೇಸ್ ಮೇಲೆ ಬಯಲಿನಲ್ಲೂ ಬಿಡಬೇಡಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ನಮ್ಮ ಅಣ್ಣನ ಮನೆಯ ರೂಟರ್ ಪೋರ್ಟ್ ಸುಟ್ಟಿದ್ದು ಹಾಗೇ.

ನಿಟ್ಟುವಳ್ಳಿ, ದಾವಣಗೆರೆ (ಪ್ರಶ್ನೆ ಕೇಳಿದವನು):
ಎಲ್ಲರಿಗೂ ಥ್ಯಾಂಕ್ಸ್. ಪೈಪ್ ನೋಡಿದೆ, ಒಳಗೆ ಗಾರೆ ಕಟ್ಟಿಕೊಂಡಿದೆ, ಎಳೆದರೆ ಜಪ್ಪಯ್ಯ ಅನ್ನಲಿಲ್ಲ. ಅತ್ತೆ ಮನೆ ಅಟ್ಟದಲ್ಲಿ ಹಳೇ ರೂಟರ್ ಸಿಕ್ಕಿತು. ಖರ್ಚು ಸೊನ್ನೆ, ಮಂಡಕ್ಕಿ ಮಿರ್ಚಿ ತಿಂದು ಬಂದಿದ್ದು ಲಾಭ.

ವಿದ್ಯಾನಗರದವರು ಹೇಳಿದ್ದರೂ ಮೊದಲು ಡಬ್ಲ್ಯೂಐಎಸ್‌ಪಿಯನ್ನೇ ಒತ್ತಿದೆ, ಯಾಕೆಂದರೆ ಮೆನುವಿನಲ್ಲಿ ಅದೇ ಮೇಲಿತ್ತು. ಆಮೇಲೆ ಕ್ಲೈಂಟ್. ಪ್ರಿಂಟರ್‌ನಿಂದ ಕಾನ್ಫಿಗರೇಷನ್ ಹಾಳೆ ತೆಗೆದೆ, ಐಪಿ ವಿಳಾಸ ಅದರಲ್ಲೇ ಅಚ್ಚಾಗಿ ಬಂತು. ವಿಂಡೋಸ್‌ನಲ್ಲಿ ಪ್ರಿಂಟರ್ ತಾನಾಗಿ ಕಾಣಲಿಲ್ಲ, ಟಿಸಿಪಿ/ಐಪಿ ಅಂತ ಆರಿಸಿ ಆ ವಿಳಾಸ ಟೈಪ್ ಮಾಡಿದ ಮೇಲೆ ಎರಡೂ ಲ್ಯಾಪ್‌ಟಾಪ್‌ನಲ್ಲಿ ಬಂತು.

ಎರಡು ದಿನ ಆದ ಮೇಲೆ ಕರೆಂಟ್ ಹೋಗಿ ಬಂತು, ಪ್ರಿಂಟರ್ ಆಫ್‌ಲೈನ್. ಮತ್ತೆ ಹಾಳೆ ತೆಗೆದು ನೋಡಿದರೆ ವಿಳಾಸ ಬದಲಾಗಿದೆ. ಅದೇ ಹಾಳೆಯಲ್ಲಿ ಮ್ಯಾಕ್ ವಿಳಾಸವೂ (ಆ ಸಾಮಾನಿನದೇ ಕಾಯಂ ಗುರುತು ನಂಬರ್) ಇರುತ್ತದೆ. ಕೆಳಗಿನ ರೂಟರ್‌ನಲ್ಲಿ ಅಡ್ರೆಸ್ ರಿಸರ್ವೇಷನ್‌ಗೆ ಹೋಗಿ ಆ ಮ್ಯಾಕ್‌ಗೆ ಒಂದು ಐಪಿ ಕಾಯಂ ಮಾಡಿದೆ. ಅಲ್ಲಿಂದ ಈಚೆಗೆ ನಾಲ್ಕು ಸಲ ಕರೆಂಟ್ ಹೋಗಿದೆ, ಪ್ರಿಂಟರ್ ಸರಿಯಾಗೇ ಇದೆ.

ಓನರ್ ಮಾತ್ರ ನಿನ್ನೆ ಕೇಳಿದರು, ‘ಮೇಲೆ ರಾತ್ರಿಯೆಲ್ಲಾ ಅದೇನೋ ಹಸಿರು ಲೈಟ್ ಮಿಣುಕ್ತಿರುತ್ತಲ್ಲ, ಏನದು?’