ಪುಟ್ಟಿ, ಅದು ಜೋಡಿಯೇ ಅಲ್ಲ

ಪುಟ್ಟಿ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ವಿಡಿಯೋ ಈಗ ವಾಕಿಂಗ್ ಮುಗಿಸಿ ಬಂದು ನೋಡಿದೆ. ನನಗೆ ಟೈಪ್ ಮಾಡಲು ಅರ್ಧ ದಿನ ಬೇಕು, ಅದಕ್ಕೆ ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ಉದ್ದ ಆಗುತ್ತದೆ, ಮೀನಿನ ವಿಷಯ ಬೇಡದವರು ಮುಂದಕ್ಕೆ ಹೋಗಿ.

ನೀನು ಕೇಳಿದ್ದು ಇಷ್ಟು ಅಲ್ವಾ. ಅಂಗಡಿಯವನು ಬ್ರೀಡಿಂಗ್ ಪೇರ್ ಅಂತ ಎರಡು ಏಂಜಲ್ ಮೀನು ಕೊಟ್ಟ, ಎರಡು ತಿಂಗಳಾದರೂ ಮೊಟ್ಟೆ ಇಲ್ಲ, ದೊಡ್ಡದು ಚಿಕ್ಕದನ್ನು ಅಟ್ಟಿಸಿಕೊಂಡು ಹೋಗಿ ರೆಕ್ಕೆ ಹರಿದು ಹಾಕುತ್ತಿದೆ, ಇನ್ನೊಂದು ಹೆಣ್ಣು ತರಲಾ ಅಂತ. ತರಬೇಡ. ಮೊದಲು ಎರಡನ್ನೂ ಬೇರೆ ಮಾಡು, ಇವತ್ತೇ. ಫಿಲ್ಟರ್ ಹಿಂದೆ ಮೂತಿ ಮೇಲೆ ಮಾಡಿಕೊಂಡು ನಿಂತಿದೆಯಲ್ಲ ಆ ಚಿಕ್ಕದು, ಹೀಗೇ ಬಿಟ್ಟರೆ ಅದು ತಿನ್ನುವುದನ್ನೂ ಬಿಡುತ್ತದೆ.

ಅಂಗಡಿಯವನು ಮೋಸ ಮಾಡಿದ ಅಂತ ನಾನು ಹೇಳುವುದಿಲ್ಲ. ಗಪ್ಪಿ ಆದರೆ ಮಕ್ಕಳೂ ಹೇಳುತ್ತಾರೆ, ಬಣ್ಣದ ಬಾಲ ಇರುವುದು ಗಂಡು, ದಪ್ಪ ಹೊಟ್ಟೆಯದು ಹೆಣ್ಣು. ಏಂಜಲ್‌ನಲ್ಲಿ ಆ ಸುಖ ಇಲ್ಲ. ಹಣೆ ಉಬ್ಬಿದ್ದರೆ ಗಂಡು ಅಂತಾರೆ, ಆದರೆ ಉಬ್ಬಿದ ಹಣೆಯ ಹೆಣ್ಣನ್ನೂ ನಾನು ಸಾಕಿದ್ದೇನೆ. ನಂಬಬಹುದಾದ ಗುರುತು ಒಂದೇ. ಮೊಟ್ಟೆ ಇಡುವ ಹೊತ್ತಿಗೆ ಹೊಟ್ಟೆಯ ಕೆಳಗೆ ಒಂದು ಸಣ್ಣ ಕೊಳವೆ ಹೊರಗೆ ಬರುತ್ತದೆ. ಹೆಣ್ಣಿನದು ದಪ್ಪ, ತುದಿ ಮೊಂಡು. ಗಂಡಿನದು ಸಣ್ಣ, ಚೂಪು. ಉಳಿದ ದಿನ ನೋಡಿದರೆ ನಿನಗೂ ಅಷ್ಟೇ ಗೊತ್ತು, ಅಂಗಡಿಯವನಿಗೂ ಅಷ್ಟೇ ಗೊತ್ತು.

ನನ್ನ ಕಥೆ ಕೇಳು. ರಾಜಾಜಿನಗರದ ಹಳೇ ಮನೆಯಲ್ಲಿ ನನ್ನ ಹತ್ತಿರವೂ ಒಂದು ಜೋಡಿ ಇತ್ತು. ಎಂಥ ಪ್ರೀತಿ ಅಂತೀಯ! ಎರಡೂ ಸೇರಿ ಫಿಲ್ಟರ್ ಪೈಪನ್ನು ಬಾಯಲ್ಲಿ ಉಜ್ಜಿ ಉಜ್ಜಿ ತೊಳೆದವು. ಸಂಜೆ ಒಂದು ಮೀನು ಹೊಟ್ಟೆಯನ್ನು ಪೈಪಿಗೆ ತಾಗಿಸಿಕೊಂಡು ಕೆಳಗಿಂದ ಮೇಲಕ್ಕೆ ನಿಧಾನಕ್ಕೆ ಹೋಯಿತು, ಹಿಂದೆ ಒಂದು ಸಾಲು ಮೊಟ್ಟೆ, ಗಸಗಸೆ ಕಾಳು ಅಂಟಿಸಿದ ಹಾಗೆ. ಆಮೇಲೆ ಇನ್ನೊಂದು ಅದೇ ದಾರಿಯಲ್ಲಿ ಹೋಯಿತು. ನಿಮ್ಮ ದೊಡ್ಡಮ್ಮ ಒಲೆ ಆರಿಸಿ ಬಂದು ನೋಡಿದಳು. ಎರಡನೇ ದಿನ ಎಲ್ಲ ಮೊಟ್ಟೆಯೂ ಬೆಳ್ಳಗಾಗಿ ಬೂಷ್ಟು ಬಂತು. ಹೀಗೆ ನಾಲ್ಕು ಸಲ. ನೀರು ಸರಿ ಇಲ್ಲ ಅಂದೆ, ಫಿಲ್ಟರ್ ಬದಲಾಯಿಸಿದೆ, ಪಕ್ಕದ ಮನೆಯವರ ಪೇಂಟ್ ವಾಸನೆ ಅಂತಲೂ ಅಂದೆ. ಐದನೇ ಸಲ ಟಾರ್ಚ್ ಹಿಡಿದು ಕೂತು ನೋಡಿದರೆ ಎರಡಕ್ಕೂ ಮೊಂಡು ಕೊಳವೆ. ಎರಡೂ ಹೆಣ್ಣು! ಗಂಡು ಇಲ್ಲದಿದ್ದರೆ ಎರಡು ಹೆಣ್ಣೇ ಜೋಡಿ ಕಟ್ಟಿಕೊಳ್ಳುತ್ತವೆ, ಮೊಟ್ಟೆಯನ್ನೂ ಇಡುತ್ತವೆ, ಕಾವಲೂ ಕಾಯುತ್ತವೆ.

ಹಾಗಾಗಿ ಲೆಕ್ಕ ಹಾಕು. ಎರಡು ಮೀನು ತಂದರೆ ಎರಡೂ ಗಂಡೇ ಅಥವಾ ಎರಡೂ ಹೆಣ್ಣೇ ಆಗುವ ಸಾಧ್ಯತೆ 2ರಲ್ಲಿ 1. ಆರು ಮರಿ ತಂದರೆ ಆರೂ ಒಂದೇ ಆಗುವುದು 32ರಲ್ಲಿ 1 ಸಲ ಮಾತ್ರ. ಗಂಡು ಹೆಣ್ಣು ಸಿಕ್ಕರೂ ಅವಕ್ಕೆ ಒಪ್ಪಿಗೆ ಆಗಬೇಕು, ನಾವು ಒಟ್ಟಿಗೆ ಬಿಟ್ಟ ಮಾತ್ರಕ್ಕೆ ಆಗುವುದಿಲ್ಲ. ಅದಕ್ಕೆ ನಾಣ್ಯದಷ್ಟು ಮೈ ಇರುವ ಆರು ಮರಿ ತಾ, ಸಾಧ್ಯವಾದರೆ ಎರಡು ಅಂಗಡಿಯಿಂದ. ಶಿವಾಜಿನಗರದ ಕಡೆ ಹೋದರೆ ಬೆಳಗ್ಗೆಯೇ ಹೋಗು, ಆರಿಸಿಕೊಳ್ಳಬಹುದು. ಮೂರು ಅಡಿ ಟ್ಯಾಂಕ್, ಎತ್ತರ ಒಂದೂವರೆ ಅಡಿ ಇರಲಿ. ಎಂಟು ಹತ್ತು ತಿಂಗಳಿಗೆ ದೊಡ್ಡವಾಗುತ್ತವೆ. ಒಂದು ದಿನ ನೋಡಿದರೆ ಎರಡು ಮೀನು ಒಂದು ಮೂಲೆ ಹಿಡಿದು ಉಳಿದ ನಾಲ್ಕನ್ನು ಇನ್ನೊಂದು ತುದಿಗೆ ಓಡಿಸಿರುತ್ತವೆ. ಅದೇ ಜೋಡಿ. ಉಳಿದವನ್ನು ಆಗ ತೆಗೆದುಬಿಡು.

ಈಗ ನೀರಿನ ವಿಷಯ, ಇದನ್ನು ನೀನು ಸುಮ್ನೆ ಒಂದು ಸಾಲಿನಲ್ಲಿ ಬರೆದು ಮುಗಿಸಿದ್ದೀಯ, ಆದರೆ ನನಗೆ ಅದನ್ನು ಓದಿಯೇ ಎದೆ ಝಲ್ ಎಂದಿತು. ನಿಮ್ಮಮ್ಮ ಆರ್‌ಓ ಮೆಷಿನ್‌ನ ವೇಸ್ಟ್ ನೀರು ಹಾಳು ಮಾಡಬಾರದು ಅಂತ ಬಕೆಟ್‌ನಲ್ಲಿ ಹಿಡಿದು ಟ್ಯಾಂಕಿಗೆ ಹಾಕುತ್ತಾರಂತಲ್ಲ. ಬೇಡಮ್ಮಾ. ನಿಮ್ಮ ಅಪಾರ್ಟ್‌ಮೆಂಟಿಗೆ ಬರುವುದೇ ಬೋರ್ ನೀರು, ಟ್ಯಾಂಕರ್ ನೀರು. ನಲ್ಲಿ ಮೇಲೆ ಬಿಳಿ ಪೊರೆ ಕಟ್ಟಿರುವುದನ್ನು ನಾನೇ ನೋಡಿದ್ದೇನೆ. ಅದರಲ್ಲಿರುವ ಉಪ್ಪು, ಸುಣ್ಣ ಎಲ್ಲ ಇನ್ನೂ ಗಟ್ಟಿಯಾಗಿ ಬರುವುದೇ ಆ ವೇಸ್ಟ್ ಪೈಪಿನಲ್ಲಿ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಲಿ. ಏಂಜಲ್ ಅಮೆಜಾನ್ ನದಿ ಕಡೆಯ ಮೀನು, ಉಪ್ಪು ಸುಣ್ಣ ಕಡಿಮೆ ಇರುವ ಮೆದು ನೀರಿನದು. ಗಡಸು ನೀರಿನಲ್ಲಿ ಬದುಕುತ್ತದೆ, ಮೊಟ್ಟೆಯನ್ನೂ ಇಡುತ್ತದೆ, ಆದರೆ ಮೊಟ್ಟೆ ಒಡೆದು ಮರಿ ಬರುವುದು ಕಷ್ಟ. ನೀನು ಕುಡಿಯುವ ಆರ್‌ಓ ನೀರನ್ನು ಪ್ರತಿ ವಾರ ಸ್ವಲ್ಪ ಸ್ವಲ್ಪ ಸೇರಿಸು. ಒಂದೇ ಸಲ ಪೂರ್ತಿ ಬದಲಾಯಿಸಬೇಡ. ಹಾಗೇ, ನಿನ್ನ ವಿಡಿಯೋ ಕೆಳಗೆ ಶಿವಮೊಗ್ಗದ ಭಾವ ಟ್ಯಾಂಕಿಗೆ ಒಂದು ಹಿಡಿ ಉಪ್ಪು ಹಾಕು ಅಂತ ಬರೆದಿದ್ದಾರೆ. ಭಾವ, ಬೇಜಾರು ಮಾಡಿಕೊಳ್ಳಬೇಡಿ, ಅದು ಮೋಲಿ ಅನ್ನುವ ಮೀನಿಗೆ ಆದೀತು, ಇದಕ್ಕೆ ಬೇಡ.

ಹೀಟರ್ ಇಲ್ಲ ಅಂದೆ. ಬೆಂಗಳೂರಿನ ಡಿಸೆಂಬರ್‌ಗೆ ಬೇಕೇ ಬೇಕು, ನೀರು 27 ಡಿಗ್ರಿ ಹತ್ತಿರ ಇರಲಿ. ಆ ಬಿಸಿಯಲ್ಲಿ ಎರಡು ಮೂರು ದಿನಕ್ಕೆ ಮರಿ ಒಡೆಯುತ್ತದೆ, ಮತ್ತೆ ಸುಮಾರು ಐದು ದಿನ ಅಂಟಿಕೊಂಡೇ ಅಲ್ಲಾಡುತ್ತಿರುತ್ತದೆ, ಆಮೇಲೆ ಈಜುತ್ತದೆ. ಮೊದಲ ಸಲ ಅಪ್ಪ ಅಮ್ಮನೇ ಮೊಟ್ಟೆ ತಿಂದರೆ ಅಳಬೇಡ, ಜಾಸ್ತಿ ಜೋಡಿಗಳು ಹಾಗೆಯೇ. ಮರಿಗೆ ಏನು ಹಾಕಬೇಕು ಅನ್ನುವುದು ಅವು ಹುಟ್ಟಿದಾಗ ಹೇಳುತ್ತೇನೆ, ಈಗಲೇ ಹೇಳಿದರೆ ಮರೆಯುತ್ತೀಯ.

ನಮ್ಮ ಅಟ್ಟದಲ್ಲಿ ಎರಡು ಅಡಿ ಟ್ಯಾಂಕ್ ಒಂದು ಸುಮ್ನೆ ಬಿದ್ದಿದೆ. ಭಾನುವಾರ ತಂದುಕೊಡುತ್ತೇನೆ, ಆ ಚಿಕ್ಕದು ಅದರಲ್ಲಿ ಇರಲಿ. ಅಲ್ಲಿಯವರೆಗೆ ಟ್ಯಾಂಕ್ ನಡುವೆ ತೂತು ಇರುವ ಪ್ಲಾಸ್ಟಿಕ್ ಜಾಲರಿ ನಿಲ್ಲಿಸು. ನಿಮ್ಮ ಲಿಫ್ಟ್ ರಿಪೇರಿ ಆಯಿತಾ ಅಂತ ಮಾತ್ರ ಮೊದಲೇ ಹೇಳು, ಗಾಜಿನ ಟ್ಯಾಂಕ್ ಹೊತ್ತುಕೊಂಡು ಏಳು ಮಹಡಿ ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ.